ಮಾರ್ಚಿನಲ್ಲಿ ಬರುವ ಶಾರ್ಕ್‌ಗಳು

ಟಾಲಾ, ಡಬ್ಲಿನ್
28 ನವೆಂಬರ್ 2021, ಭಾನುವಾರ

ಪ್ರೀತಿಯ ಧೀರಜ್,

ಕ್ಷೇಮ ಸಮಾಚಾರವೆಲ್ಲ ನಿನ್ನೆ ಫೋನಿನಲ್ಲೇ ಆಗಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಮದುವೆಯಾದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಮೇಲ್ ಮಾಡಬಹುದಿತ್ತು. ಆದರೆ ನಮ್ಮ ಮೇಲ್‌ಗಳಲ್ಲಿ ಇರುವುದೆಲ್ಲ ವಿಮಾನದ ಸಮಯ, ಲಾಡ್ಜಿನ ಬಾಡಿಗೆ, ಯಾವ ತಿಂಗಳಲ್ಲಿ ಯಾವ ಶಾರ್ಕ್ ಎಂಬ ವಿವರ. ಅವುಗಳ ನಡುವೆ ಇದನ್ನು ಹಾಕಲು ಮನಸ್ಸಾಗಲಿಲ್ಲ.

ಹೋದ ವಾರ ಮಾರ್ಚ್ ಪ್ರವಾಸದ ಹೊಸ ಪ್ಲಾನ್ ಕಳಿಸಿದ್ದೆಯಲ್ಲ, ಅದನ್ನು ಪೂರ್ತಿ ಓದಿದೆ. ನನ್ನ ವೀಸಾ ಅರ್ಜಿಯನ್ನೂ ನೀನೇ ತುಂಬಿದ್ದೆ, ಸಹಿಯೊಂದು ಬಾಕಿ ಇತ್ತು. ಶುಕ್ರವಾರ ಕೊರೋನಾದ ಹೊಸ ತಳಿಯ ಸುದ್ದಿ ಬಂತು, ದಕ್ಷಿಣ ಆಫ್ರಿಕಾದ ಕಡೆಯ ದೇಶಗಳಿಗೆಲ್ಲ ದಾರಿ ಮುಚ್ಚಿತು. ನಿನ್ನೆ ನೀನು ಫೋನ್ ಮಾಡಿ, "ಮತ್ತೆ ಮುಂದಕ್ಕೆ ಹೋಯ್ತು ನೋಡು. ಪರವಾಗಿಲ್ಲ ಬಿಡು, ಜೂನ್‌ನಲ್ಲಿ ಹೋಗೋಣ, ಆಗ ಬೇರೆ ಜಾತಿ ಬರ್ತವೆ" ಅಂದೆ. ನಾನು "ಹ್ಞೂಂ" ಅಂದೆ. ಫೋನ್ ಇಟ್ಟ ಮೇಲೆ ಆ ಹ್ಞೂಂ ನನಗೇ ಸರಿ ಕಾಣಲಿಲ್ಲ. ನನ್ನ ಪರವಾಗಿ ಸರ್ಕಾರ ಬೇಡ ಅನ್ನುವುದು ನನಗೆ ಬೇಕಿಲ್ಲ, ನಾನೇ ಅನ್ನುತ್ತೇನೆ. ವಿಮಾನ ಹಾರಿದರೂ ನಾನು ಬರುವುದಿಲ್ಲ, ಧೀರಜ್. ಮಾರ್ಚಿಗೂ ಇಲ್ಲ, ಜೂನ್‌ಗೂ ಇಲ್ಲ. ಯಾಕೆ ಎಂದು ಹೇಳುವುದಕ್ಕೆ ಕೂತಿದ್ದೇನೆ.

ನಿನಗಾಗಿ ಮಾತ್ರ ನೀರಿಗಿಳಿದವಳು ನಾನು ಎಂದು ನಿನ್ನ ಸ್ನೇಹಿತರೆಲ್ಲ ತಮಾಷೆ ಮಾಡುತ್ತಿದ್ದರು. ಅದು ಅರ್ಧ ನಿಜ. ಟಾಲಾದ ಈಜುಕೊಳದಲ್ಲಿ ಮೊದಲ ದಿನ ಬಾಯಲ್ಲಿ ಆ ರಬ್ಬರ್ ತುಂಡು ಕಚ್ಚಿಕೊಂಡು ಮುಳುಗಿದಾಗ ಉಸಿರೆಳೆಯುವುದೇ ಮರೆತುಹೋಗಿತ್ತು. ಡೆಕ್ಲನ್ ಮೇಷ್ಟ್ರು ನನ್ನನ್ನು ಮೇಲಕ್ಕೆ ಎತ್ತಿ, ನಿಧಾನ, ಸಮುದ್ರ ಎಲ್ಲೂ ಓಡಿಹೋಗಲ್ಲ ಅಂದಿದ್ದರು. ಆಮೇಲೆ ಡಾಕಿಯ ಕಡಲಿನ ತಣ್ಣೀರು. ಕಲಕಿದ ಸಾರಿನಂಥ ನೀರಿನಲ್ಲಿ ನಿನ್ನ ಕಾಲಿನ ಹಳದಿ ರೆಕ್ಕೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಪಶ್ಚಿಮ ಕರಾವಳಿಯ ಕಿಲರಿಯಲ್ಲಿ ಕಲ್ಲಿನ ಸಂದಿಯಲ್ಲಿ ಮಲಗಿದ್ದ ಆ ಚುಕ್ಕೆಚುಕ್ಕೆಯ ಪುಟ್ಟ ಡಾಗ್‌ಫಿಶ್ ಅನ್ನು ಮೊದಲು ನೋಡಿದ್ದು ನಾನು. ಅದೂ ಶಾರ್ಕ್ ಜಾತಿಯದೇ ಎಂದು ನೀನೇ ಹೇಳಿಕೊಟ್ಟಿದ್ದೆ. ನಿನ್ನ ಕೈ ಹಿಡಿದೆಳೆದು ತೋರಿಸಿದೆ. ಮೇಲೆ ಬಂದಾಗ ನೀನು ಅಳುತ್ತಿದ್ದೆ, ಮಾಸ್ಕಿಗೆ ನೀರು ನುಗ್ಗಿತು ಅಂದೆ. ನಾನು ನಂಬಿದವಳಂತೆ ಇದ್ದೆ. ಆವತ್ತಿನಿಂದ ಆ ಪ್ರವಾಸ ನನ್ನದೂ ಆಯಿತು.

ನಿನಗೆ ಐರಿಷ್ ಪಾಸ್‌ಪೋರ್ಟ್ ಬಂದ ಮೇಲೆ ಪ್ಲಾನ್ ಬಿರುಸಾಯಿತು. ಅಡುಗೆಮನೆಯ ನೆಲದ ಮೇಲೆ ದಕ್ಷಿಣ ಆಫ್ರಿಕಾದ ನಕ್ಷೆ ಹಾಸಿ, ನಾನು ಚಪಾತಿ ಲಟ್ಟಿಸುತ್ತಿದ್ದರೆ ನೀನು ಕೂತು ವಿವರಿಸುತ್ತಿದ್ದೆ. ಜೂನ್ ಹೊತ್ತಿಗೆ, ಅಲ್ಲಿಯ ಚಳಿಗಾಲದಲ್ಲಿ, ಅಲಿವಾಲ್ ಶೋಲ್ ಎಂಬ ಸಮುದ್ರದೊಳಗಿನ ಬಂಡೆಸಾಲಿನ ಗುಹೆಗಳಿಗೆ ಬರುವ, ಹಲ್ಲು ಹೊರಚಾಚಿದ ಸಾಧು ಶಾರ್ಕ್‌ಗಳು. ಮಾರ್ಚಿನಲ್ಲಿ ಪಟ್ಟೆಯ ಟೈಗರ್ ಶಾರ್ಕ್. ಅಲ್ಲಿಂದ ದಕ್ಷಿಣಕ್ಕೆ ಪ್ರೋಟಿಯಾ ಬ್ಯಾಂಕ್ಸ್, ಅಲ್ಲಿ ಸುತ್ತಿಗೆ ತಲೆಯವು ಹಿಂಡುಹಿಂಡಾಗಿ ಹಾಯುತ್ತವೆ. ಆದರೆ ಅಲ್ಲಿ ಸೆಳೆತ ಜಾಸ್ತಿ, ಆಳ ಜಾಸ್ತಿ, ನನ್ನಂಥ ಹೊಸಬರಿಗಲ್ಲ. ಅದಕ್ಕೇ ನೀನು ಒಂದು ವಾರ ಮೊದಲು ಹೋಗಿ ಪ್ರೋಟಿಯಾ ಮುಗಿಸುವುದು, ಆಮೇಲೆ ನಾನು ಬಂದು ಇಬ್ಬರೂ ಅಲಿವಾಲ್‌ನಲ್ಲಿ ಇಳಿಯುವುದು ಎಂದು ತೀರ್ಮಾನವಾಯಿತು. ನನ್ನ ಇಂಡಿಯನ್ ಪಾಸ್‌ಪೋರ್ಟಿಗೆ ವೀಸಾ ತಡವಾದದ್ದೂ ಅದಕ್ಕೆ ಸರಿಹೋಯಿತು.

ಇನ್ನೊಂದು ತೀರ್ಮಾನವೂ ಇತ್ತು. "ಮೊದ್ಲು ಶಾರ್ಕು, ಆಮೇಲೆ ಮಗು" ಅನ್ನುತ್ತಿದ್ದೆ ನೀನು. ಊರಿನಿಂದ ಯಾರಾದರೂ ವಿಶೇಷ ಏನೂ ಇಲ್ಲವಾ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ನನ್ನ ಕಡೆ ನೋಡಿ ಬಾಯಿ ಆಡಿಸುತ್ತಿದ್ದೆ, ಶಾರ್ಕು, ಶಾರ್ಕು ಎಂದು. ನಾನು ನಗುತ್ತಿದ್ದೆ. ಒಂದು ಸಲ ಮಾತ್ರ ನಗಲಿಲ್ಲ, ಎರಡೂ ಒಟ್ಟಿಗೆ ಆಗಬಾರದಾ ಎಂದು ಕೇಳಿದೆ. "ಮಗು ಬಂದ್ರೆ ಇದೆಲ್ಲ ಮುಗೀತು ಕಣೆ" ಅಂದು ನೀನು ನಕ್ಷೆ ಮಡಚಿಟ್ಟೆ.

2020ರ ಮಾರ್ಚ್ ಮೊದಲ ವಾರ ನೀನು ಹೋದೆ. ನನ್ನ ವೀಸಾ ಬಂದ ವಾರವೇ ಇಲ್ಲಿ ಶಾಲೆಗಳು ಮುಚ್ಚಿದವು, ನನ್ನ ವಿಮಾನ ರದ್ದಾಯಿತು. ಸ್ವಲ್ಪ ದಿನಕ್ಕೆ ಅಲ್ಲೂ ಎಲ್ಲ ಬಂದ್. ಸಮುದ್ರದ ಪಕ್ಕದಲ್ಲೇ ಲಾಡ್ಜ್ ಇದ್ದರೂ ಮರಳಿಗೆ ಕಾಲಿಡುವ ಹಾಗಿಲ್ಲ ಎಂದು ನೀನು ಫೋನಿನಲ್ಲಿ ಗೋಳಾಡುತ್ತಿದ್ದೆ. ಇಲ್ಲಿ ನನಗೆ ಮನೆಯಿಂದ ಎರಡು ಕಿಲೋಮೀಟರ್ ದಾಟುವ ಹಾಗಿಲ್ಲ. ನಾನು ಮನೆಯಿಂದಲೇ ಆಫೀಸು ಮಾಡುತ್ತ, ಮಧ್ಯೆ ಮಧ್ಯೆ ರಾಯಭಾರ ಕಚೇರಿಗೆ, ಇಲ್ಲಿಯ ಇಲಾಖೆಗೆ ಮೇಲ್ ಬರೆಯುತ್ತಿದ್ದೆ, ಫೋನ್ ಮಾಡುತ್ತಿದ್ದೆ. ಸಿಕ್ಕಿಬಿದ್ದವರನ್ನು ಕರೆತರುವ ವಿಮಾನದ ಪಟ್ಟಿಗೆ ನಿನ್ನ ಹೆಸರು ಸೇರಿದೆ ಎಂದು ಏಪ್ರಿಲ್‌ನಲ್ಲಿ ಅವರೇ ನನಗೆ ತಿಳಿಸಿದರು. ಆ ದಿನ ಮನೆ ಗುಡಿಸಿ ಸಾರಿಸಿ ನಿನ್ನ ಹಾಸಿಗೆಯ ಹೊದಿಕೆ ಬದಲಿಸಿದೆ. ಸಂಜೆ ನಿನ್ನ ಫೋನ್ ಬಂತು. "ಸೀಟ್ ಸಿಗ್ಲಿಲ್ಲ ಕಣೆ. ವಯಸ್ಸಾದೋರಿಗೆ, ಹುಷಾರಿಲ್ಲದೋರಿಗೆ ಮೊದ್ಲು ಅಂತೆ. ಮುಂದಿನದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ."

ನಿನ್ನ ದನಿ ಕುಗ್ಗಿತ್ತು. ನಾನೇ ನಿನಗೆ ಸಮಾಧಾನ ಹೇಳಿದೆ.

ಈಗ ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ಇದನ್ನು ಓದುವಾಗ ನೀನು ಕೂತಿರು.

ಆಗ ನಾನು ಬಸುರಿಯಾಗಿದ್ದೆ. ನನ್ನ ವಿಮಾನ ರದ್ದಾದ ವಾರವೇ ತಿಳಿದದ್ದು. ನಿನ್ನ ನಿಯಮ ಮುರಿದಿತ್ತು, ನಾವು ಬೇಕೆಂದು ಮುರಿದದ್ದಲ್ಲ. ಬಸುರಿಯರು ಸ್ಕೂಬಾ ಮಾಡಬಾರದು ಎಂದು ಡೆಕ್ಲನ್ ಮೇಷ್ಟ್ರು ಮೊದಲ ಪಾಠದಲ್ಲೇ ಹೇಳಿದ್ದರು. ಹಾಗಾಗಿ ವಿಮಾನ ಹಾರಿದ್ದರೂ ನಾನು ನೀರಿಗೆ ಇಳಿಯುತ್ತಿರಲಿಲ್ಲ. ದೋಣಿಯಲ್ಲಿ ಕೂತು ನಿನ್ನ ಗುಳ್ಳೆಗಳನ್ನು ನೋಡುತ್ತಿರುತ್ತೇನೆ, ನೀನು ಮೇಲೆ ಬಂದಾಗ ಹೇಳುತ್ತೇನೆ ಎಂದೆಲ್ಲ ಅಂದುಕೊಂಡಿದ್ದೆ. ಅದು ತಪ್ಪಿದ ಮೇಲೆ, ಏರ್‌ಪೋರ್ಟಿನಿಂದ ಕರೆತರುವಾಗ ಕಾರಿನಲ್ಲಿ ಹೇಳೋಣ ಅಂದುಕೊಂಡೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ಹೇಳಿದ್ದರೆ ನೀನು ಹೇಗಾದರೂ ಬಂದೇ ಬರುತ್ತಿದ್ದೆ, ಗೊತ್ತು. ಮಗುವಿಗಾಗಿ ಬರುತ್ತಿದ್ದೆ, ಮುಗೀತು ಅಂದುಕೊಂಡು ಬರುತ್ತಿದ್ದೆ. ನೀನು ಮನೆಗೆ ಅಂತ ಬರಬೇಕಿತ್ತು ನನಗೆ.

ಆ ವಿಮಾನ ನಿನ್ನನ್ನು ಬಿಟ್ಟು ಬಂದ ಮುಂದಿನ ವಾರ, ಆಫೀಸಿನ ಮೀಟಿಂಗ್ ನಡೆಯುತ್ತಿದ್ದಾಗ ಹೊಟ್ಟೆನೋವು ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು, ನಾನು ಬಚ್ಚಲುಮನೆಯ ನೆಲದ ಮೇಲಿದ್ದೆ. ಟ್ಯಾಕ್ಸಿ ಮಾಡಿಕೊಂಡು ಹೆರಿಗೆ ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿ ಒಬ್ಬ ಗಂಡಸು ಹೆಂಡತಿಯ ಬ್ಯಾಗನ್ನು ನರ್ಸ್ ಕೈಗೆ ಕೊಟ್ಟು ಹೊರಗೇ ನಿಂತಿದ್ದ, ಗಂಡಂದಿರನ್ನು ಒಳಗೆ ಬಿಡುತ್ತಿರಲಿಲ್ಲ. ನೀನಿದ್ದಿದ್ದರೂ ಕಾರ್ ಪಾರ್ಕಿನಲ್ಲೇ ಇರುತ್ತಿದ್ದೆ. ಆದರೆ ಕಾರ್ ಪಾರ್ಕಿನಲ್ಲಾದರೂ ಇರುತ್ತಿದ್ದೆ.

ಸ್ಕ್ಯಾನ್ ಮಾಡಿದವರು ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಬಿಳಿಗೂದಲಿನ ಒಬ್ಬ ಸೂಲಗಿತ್ತಿ ನರ್ಸ್ ಪಕ್ಕದಲ್ಲಿ ಕೂತು ಕೈಗವಸಿನ ಕೈಯಲ್ಲಿ ನನ್ನ ಕೈ ಹಿಡಿದು, ನಿನ್ನ ತೊಂದರೆಗೆ ನನಗೆ ಬೇಸರವಾಗಿದೆ ಎಂಬರ್ಥದಲ್ಲಿ, "ಸಾರಿ ಫಾರ್ ಯುವರ್ ಟ್ರಬಲ್" ಅಂದರು. ನೋವಾಗಿದ್ದಕ್ಕೆ ಹೇಳುತ್ತಿದ್ದಾರೆ ಅಂದುಕೊಂಡು, ಪರವಾಗಿಲ್ಲ, ಈಗ ನೋವು ಕಡಿಮೆ ಅಂದೆ. ಸಾವಿನ ಮನೆಯಲ್ಲಿ ಇಲ್ಲಿಯವರು ಹೇಳುವ ಮಾತು ಅದು ಎಂದು ನನಗೆ ಆಗ ತಿಳಿದಿರಲಿಲ್ಲ.

ಸಂಜೆ ನೀನು ಫೋನ್ ಮಾಡಿದೆ. ದನಿ ಯಾಕೆ ಹೀಗಿದೆ ಎಂದು ಕೇಳಿದೆ. ನಾನು ಹೊಟ್ಟೆ ಕೆಟ್ಟಿದೆ ಅಂದೆ. "ಮೊಸರನ್ನ ತಿನ್ನು, ನೀರು ಜಾಸ್ತಿ ಕುಡಿ" ಅಂದೆ ನೀನು. ಆಮೇಲೆ ಲಾಡ್ಜಿನ ಅಡುಗೆಮನೆಗೆ ಕೋತಿಗಳು ನುಗ್ಗಿ ಬ್ರೆಡ್ ಪೊಟ್ಟಣ ಹೊತ್ತೊಯ್ದದ್ದನ್ನು, ಮ್ಯಾನೇಜರ್ ಪೊರಕೆ ಹಿಡಿದು ಛಾವಣಿ ಹತ್ತಿದ್ದನ್ನು ಹೇಳಿದೆ. ನೀನು ಎಷ್ಟು ಚೆನ್ನಾಗಿ ಹೇಳಿದೆಯೆಂದರೆ ನಾನು ನಕ್ಕೆ. ನಕ್ಕಿದ್ದು ನಿನಗೆ ನೆನಪಿರಬಹುದು.

ಜೂನ್ ಕಳೆದ ಮೇಲೆ, ಅಲ್ಲಿಯ ಚಳಿಗಾಲದಲ್ಲಿ, ಮತ್ತೆ ಸಮುದ್ರಕ್ಕೆ ಇಳಿಯಲು ಬಿಟ್ಟರು. ನೀನು ಅಲ್ಲಿಂದಲೇ ಕೆಲಸ ಮಾಡುತ್ತ ಶನಿವಾರ ಭಾನುವಾರ ಅಲಿವಾಲ್‌ನಲ್ಲಿ ಇಳಿದೆ. ವಿಡಿಯೊಗಳು ಬರತೊಡಗಿದವು. ಮಸುಕು ನೀಲಿಯಲ್ಲಿ ಆ ಶಾರ್ಕ್‌ಗಳು ಬಾಯಿ ತೆರೆದುಕೊಂಡು ನಿಧಾನ ತಿರುಗುತ್ತಿದ್ದವು, ಏನೋ ಮರೆತವರು ಮನೆಯೊಳಗೆ ಹುಡುಕುತ್ತ ತಿರುಗುವ ಹಾಗೆ. ನೀನು ಪ್ರತಿಯೊಂದರ ಕೆಳಗೂ ಬರೆಯುತ್ತಿದ್ದೆ, ನೀನೂ ಇರಬೇಕಿತ್ತು ಎಂದು. ನಾನು ಅವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದೆ. ಮೀನಿಗಾಗಿ ಅಲ್ಲ. ಅದರಲ್ಲಿ ನೀನು ಉಸಿರಾಡುವ ಸದ್ದು ಕೇಳುತ್ತಿತ್ತು.

ಅಕ್ಟೋಬರ್‌ನಲ್ಲಿ ನೀನು ಬಂದೆ. ಹಿಂದಿನ ಕೋಣೆಯಲ್ಲಿ ಎರಡು ವಾರ ಬೇರೆ ಇದ್ದೆ. ಬಾಗಿಲ ಬಳಿ ನಿನ್ನ ತಟ್ಟೆ ಇಟ್ಟು ನಾನು ಈಚೆ ಕೂರುತ್ತಿದ್ದೆ. ಬಾಗಿಲಿನ ಆಚೆಯಿಂದ ನೀನು ಮಾತಾಡುತ್ತಿದ್ದೆ, ಮುಂದಿನ ಜೂನ್‌ನಲ್ಲಿ ಇಬ್ಬರೂ ಹೋಗೋಣ, ಲಾಡ್ಜಿನವರಿಗೆ ಆಗಲೇ ಹೇಳಿಟ್ಟಿದ್ದೇನೆ ಎಂದು. ನಾನು ಈಗ ಹೇಳೋಣ, ಬಾಗಿಲು ತೆರೆದ ದಿನ ಹೇಳೋಣ ಅಂದುಕೊಳ್ಳುತ್ತ ಇದ್ದೆ. ಬಾಗಿಲು ತೆರೆದ ದಿನ ನೀನು ತೆಳ್ಳಗಾಗಿ, ಬಿಸಿಲಿಗೆ ಕಪ್ಪಾಗಿ, ತುಂಬ ಖುಷಿಯಾಗಿದ್ದೆ. ಆ ಖುಷಿ ಕೆಡಿಸಲು ಮನಸ್ಸು ಬರಲಿಲ್ಲ. ಅಲ್ಲಿಯವರೆಗೆ ನನಗೆ ನಿನ್ನ ಮೇಲೆ ಕೋಪವಿರಲಿಲ್ಲ, ಧೀರಜ್. ಕೊರೋನಾ ನಮ್ಮಿಬ್ಬರಿಗೂ ಮಾಡಿದ್ದು ಇದು ಎಂದೇ ನಂಬಿದ್ದೆ.

ಡಿಸೆಂಬರ್ ಮೊದಲಲ್ಲಿ ನೀನು ರಿಂಗಾಸ್ಕಿಡಿಯ ಹೊಸ ಕಂಪನಿಯ ಕೆಲಸಕ್ಕೆಂದು ಕಾರ್ಕ್‌ಗೆ ಹೋಗಿದ್ದಾಗ ಬೆಲ್ ಆಯಿತು. ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಒಂದು ಕ್ರಿಸ್ಮಸ್ ಕೇಕ್, ಗೇಟಿನ ಹತ್ತಿರ ಮಾಸ್ಕ್ ಹಾಕಿದ ಒಬ್ಬ ಹೆಂಗಸು. ಅರವತ್ತರ ಹತ್ತಿರದವರು. "ವಂದನಾ ಅಂದ್ರೆ ನೀವೇನಾ?" ಎಂದು ಕೇಳಿದರು. ತಮ್ಮ ಹೆಸರು ಬ್ರೀಡಾ, ಇಲ್ಲೇ ಕಿಲ್ನಮಾನಾದಲ್ಲಿ ಮನೆ, ಮಗನ ಮನೆಗೆಂದು ಡರ್ಬನ್‌ಗೆ ಹೋಗಿದ್ದವರು, ಸಮುದ್ರ ನೋಡಲೆಂದು ನಾಲ್ಕು ದಿನ ನಿನ್ನದೇ ಲಾಡ್ಜಿಗೆ ಬಂದಾಗ ಎಲ್ಲ ಬಂದ್ ಆಗಿ ಅಲ್ಲೇ ಸಿಕ್ಕಿಬಿದ್ದಿದ್ದರಂತೆ. ಅವರ ತಾಯಿ ಕಾರ್ಲೋದ ವೃದ್ಧಾಶ್ರಮದಲ್ಲಿ ಸಾಯುವ ಸ್ಥಿತಿಯಲ್ಲಿದ್ದರು. ಇವರ ಹೆಸರು ಕಾಯುವವರ ಪಟ್ಟಿಯಲ್ಲಿತ್ತು. ರಾಯಭಾರ ಕಚೇರಿಯಿಂದ ಲಾಡ್ಜಿಗೆ ಫೋನ್ ಬಂದಾಗ ಇವರು ಅಡುಗೆಮನೆಯಲ್ಲಿ ಅಳುತ್ತಿದ್ದರು. ನೀನು ಫೋನ್ ತೆಗೆದುಕೊಂಡು, ನನ್ನ ಸೀಟು ಇವರಿಗೆ ಕೊಡಿ ಅಂದೆಯಂತೆ.

"ಬೇಡ, ಮನೆಯಲ್ಲಿ ಹೆಂಡ್ತಿ ಕಾಯ್ತಿರ್ತಾಳೆ ಅಂದೆ ನಾನು," ಅಂದರು ಬ್ರೀಡಾ. "ಅವರು ಹೊರಗೆ ಹೋಗಿ ನಿಮ್ಮ ಹತ್ತಿರ ಫೋನಲ್ಲಿ ಮಾತಾಡಿ ಬಂದ್ರು. ವಂದನಾನೂ ಕೊಡು ಅಂತಾಳೆ ಅಂದ್ರು. ಅವರಿಗೆ ಅವತ್ತೇ ಥ್ಯಾಂಕ್ಸ್ ಹೇಳಿದ್ದೆ. ನಿಮಗೆ ಹೇಳೋದು ಉಳಿದಿತ್ತು."

ತಾಯಿ ಸಿಕ್ಕರಾ ಎಂದು ಕೇಳಿದೆ. ಸಿಕ್ಕರಂತೆ. ಗೌನು ಮಾಸ್ಕ್ ತೊಡಿಸಿ ಸ್ವಲ್ಪ ಹೊತ್ತು ಒಳಗೆ ಬಿಟ್ಟರಂತೆ. ತಾಯಿ ಇವರನ್ನು ಕೂದಲು ಕತ್ತರಿಸಲು ಬಂದವಳು ಅಂದುಕೊಂಡು, ಹಿಂದೆ ಜಾಸ್ತಿ ಕತ್ತರಿಸಬೇಡ ಅಂದರಂತೆ. ಇವರು ಇಲ್ಲಮ್ಮ ಎಂದು ತಲೆ ನೇವರಿಸಿದರಂತೆ. ಹೇಳುತ್ತ ನಕ್ಕರು, ಅತ್ತರು. ನಾನು ಬಾಗಿಲು ಹಿಡಿದುಕೊಂಡು "ಸಾರಿ ಫಾರ್ ಯುವರ್ ಟ್ರಬಲ್" ಅಂದೆ. ಅವರು ಮತ್ತೆ ನನಗೆ ಥ್ಯಾಂಕ್ಸ್ ಹೇಳಿದರು. ಇಲ್ಲಿಯವರ ಹಾಗೆಯೇ, ಪರವಾಗಿಲ್ಲ ಬಿಡಿ ಎಂಬರ್ಥದಲ್ಲಿ "ಯು ಆರ್ ಗ್ರ್ಯಾಂಡ್" ಅಂದೆ. ನಾನು ಮಾಡದ ಉಪಕಾರಕ್ಕೆ ಕೇಕ್ ತೆಗೆದುಕೊಂಡು ಬಾಗಿಲು ಹಾಕಿದೆ.

ನೀನು ವಾಪಸ್ ಬಂದು ಆ ಕೇಕ್ ಕತ್ತರಿಸಿ ಚಹಾದ ಜೊತೆ ತಿಂದೆ. ಯಾರು ಕೊಟ್ಟಿದ್ದು ಎಂದು ಕೇಳಿದೆ. ನಾನು ಪರಿಚಯದವರು ಅಂದೆ. ನೀನು ಚೆನ್ನಾಗಿದೆ ಅಂದು ಇನ್ನೊಂದು ತುಂಡು ತೆಗೆದುಕೊಂಡೆ. ನಾನು ಎದುರು ಕೂತು ನಿನ್ನ ಮುಖ ನೋಡುತ್ತಿದ್ದೆ. ನೀನಾಗಿ ಹೇಳುತ್ತೀಯ ಎಂದು ಕಾದೆ. ಜನವರಿಯಲ್ಲಿ ನೀನು ಮನೆ ಬಿಟ್ಟು ರಿಂಗಾಸ್ಕಿಡಿಯಲ್ಲೇ ಇರಲು ಹೋಗುವವರೆಗೂ ಕಾದೆ. ಆಮೇಲೂ ಕಾದೆ. ಐದು ಕಿಲೋಮೀಟರಿನ ನಿರ್ಬಂಧವಿದೆ, ಬರಲಾಗುವುದಿಲ್ಲ ಅಂದೆ ನೀನು. ಅದು ತೆಗೆದ ಮೇಲೆ ಕೆಲಸ ಜಾಸ್ತಿ ಅಂದೆ. ನಾನೂ ಬಾ ಎಂದು ಒತ್ತಾಯಿಸಲಿಲ್ಲ. ಪ್ಲಾನ್‌ಗಳು ಮಾತ್ರ ತಪ್ಪದೆ ಬರುತ್ತಿದ್ದವು. ನಮ್ಮ ಬಗ್ಗೆ ಮಾತಾಡಬೇಕಾದಲ್ಲೆಲ್ಲ ನಾವು ಶಾರ್ಕ್‌ಗಳ ಬಗ್ಗೆ ಮಾತಾಡಿದೆವು.

ಆ ಸೀಟು ಕೊಟ್ಟದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಬ್ರೀಡಾರ ಮುಖ ನೋಡಿದ ಮೇಲೆ ಹಾಗೆ ಹೇಳುವುದು ಆಗುವುದಿಲ್ಲ. ನೀನು ಒಳ್ಳೆಯವನು, ಅದು ನನಗೆ ಮದುವೆಗೆ ಮೊದಲೇ ಗೊತ್ತಿತ್ತು. ಆದರೆ ನನಗೆ ನಿಜವಾಗಿ ಫೋನ್ ಮಾಡಿ ಇಂಥವರೊಬ್ಬರಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದರೆ ನಾನು ಏನು ಅನ್ನುತ್ತಿದ್ದೆ ಎಂದು ನೀನು ಅಂದುಕೊಂಡಿದ್ದೆ? ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೊಡು ಅಂತಲೇ ಅನ್ನುತ್ತಿದ್ದೆ. ಆಮೇಲೆ ಆಸ್ಪತ್ರೆಗೆ ಹೋಗುವಾಗ, ನಾವಿಬ್ಬರೂ ಸೇರಿ ಯಾರಿಗೋ ತಾಯಿಯ ಮುಖ ತೋರಿಸಿದೆವು ಎಂಬ ಒಂದು ಸಮಾಧಾನವಾದರೂ ಇರುತ್ತಿತ್ತು. ಅದನ್ನು ನೀನು ಒಬ್ಬನೇ ಇಟ್ಟುಕೊಂಡೆ. ಅವರಿಗೆ ನನ್ನ ಹೆಸರಿನಲ್ಲಿ ಒಂದು ಮಾತು ಹೇಳಿದೆ, ನನಗೆ ಇನ್ನೊಂದು ಹೇಳಿದೆ. ಸೀಟು ಸಿಗಲಿಲ್ಲ ಅಂದಾಗ ನಿನ್ನ ದನಿಯಲ್ಲಿದ್ದದ್ದು ಬೇಸರ ಎಂದು ನಾನು ತಿಳಿದಿದ್ದೆ. ಈಗ ಯೋಚಿಸಿದರೆ ಅದು ಹಗುರಾದವರ ದನಿ ಅನ್ನಿಸುತ್ತದೆ. ನಾನು ತಪ್ಪು ತಿಳಿದಿರಬಹುದು. ಈ ಒಂದು ವರ್ಷವೂ ನನ್ನ ಎಣಿಕೆ ತಪ್ಪಾಗಿರಲಿ ಎಂದೇ ಆಸೆಪಟ್ಟೆ, ನೀನು ಹೇಳಲಿಲ್ಲ.

ಜೂನ್‌ನಲ್ಲಿ ಡೈವಿಂಗ್ ಕ್ಲಬ್ಬಿನವರ ಜೊತೆ ನಾನೊಬ್ಬಳೇ ಮತ್ತೆ ಕಿಲರಿಗೆ ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ನೀರು ತಿಳಿಯಾಗಿತ್ತು. ಮಾಸ್ಕಿನೊಳಗೆ ಅಳು ಬಂತು, ತಡೆಯಲಾಗಲಿಲ್ಲ. ಡೆಕ್ಲನ್ ಮೇಷ್ಟ್ರು ಎದುರು ಬಂದು ಬೆರಳಿನಿಂದ ಎಲ್ಲ ಸರಿಯಾ ಎಂದು ಕೇಳಿದರು. ಸರಿ ಎಂದು ಬೆರಳು ತೋರಿಸಿದೆ. ಮೇಲೆ ಹೋಗಬೇಕು ಎಂದು ನನಗೆ ಅನ್ನಿಸಲಿಲ್ಲ. ಸಿಲಿಂಡರಿನ ಗಾಳಿ ಕಡಿಮೆಯಾಗಿ ಮೇಲೆ ಬರಲೇಬೇಕಾಗುವ ತನಕ ಕೆಳಗೇ ಇದ್ದೆ. ನಿನ್ನ ಜೊತೆ ಬದುಕುವುದು ನನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ಗೊತ್ತಾದ ಮೇಲೂ ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ಅದಕ್ಕೇ ಬರೆಯಲು ಇಷ್ಟು ತಿಂಗಳು ಹಿಡಿಯಿತು.

ಈ ಮನೆಯ ಕರಾರು ಜನವರಿಗೆ ಮುಗಿಯುತ್ತದೆ, ನಾನು ಮುಂದುವರಿಸುವುದಿಲ್ಲ. ಬ್ಲಾಂಚರ್ಡ್ಸ್‌ಟೌನ್‌ನಲ್ಲಿ ನನ್ನ ಆಫೀಸಿನ ಹರ್ಷಿತಾಳ ಮನೆಯಲ್ಲಿ ಒಂದು ರೂಮು ಖಾಲಿ ಇದೆ, ಅಲ್ಲಿಗೆ ಹೋಗುತ್ತೇನೆ. ನಿನ್ನ ಡೈವಿಂಗ್ ಸಾಮಾನು, ಪುಸ್ತಕ ಎಲ್ಲ ಕಟ್ಟಿಡುತ್ತೇನೆ, ಬಿಡುವಾದಾಗ ಯಾರನ್ನಾದರೂ ಕಳಿಸು. ಬರುವ ಶನಿವಾರ ಬರುತ್ತೇನೆ ಅಂದಿದ್ದೆ ನೀನು. ಬರಬೇಡ. ಎದುರಿಗೆ ಬಂದರೆ ನೀನು ಏನಾದರೂ ನಗುವ ಹಾಗೆ ಹೇಳುತ್ತೀಯ, ನಾನು ನಗುತ್ತೇನೆ, ಮತ್ತೆ ಜೂನ್‌ಗೆ ಹ್ಞೂಂ ಅನ್ನುತ್ತೇನೆ.

ದಾರಿ ತೆರೆದ ಮೇಲೆ ನೀನು ಹೋಗು. ಪ್ರೋಟಿಯಾದಲ್ಲಿ ಆ ಹಿಂಡು ನಿನಗೆ ಸಿಗಲಿ, ಮನಸ್ಸಿನಿಂದ ಹೇಳುತ್ತಿದ್ದೇನೆ. ಸೆಳೆತದಲ್ಲಿ ಒಬ್ಬನೇ ದೂರ ಹೋಗಬೇಡ.

ಇಂತಿ,
ಇನ್ನು ನಿನ್ನವಳು ಎಂದು ಬರೆಯಲಾಗದ
ವಂದನಾ

ಮರೆತ ಮಾತು: ಆ ದಿನ ಆಸ್ಪತ್ರೆಯಿಂದ ಹೊರಗೆ ಬಂದು, ಟ್ಯಾಕ್ಸಿಗೆ ಕಾಯುತ್ತ ನಾನು ಫೋನ್ ಮಾಡಿದ್ದು ಮೈಸೂರಿಗೆ, ನಿನ್ನ ಅಮ್ಮನಿಗೆ. ನನ್ನ ಅಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. ನಾನು ಮನೆ ಸೇರುವ ತನಕ ಅತ್ತೆ ಫೋನ್ ಇಡಲಿಲ್ಲ. "ಅವ್ನಿಗೆ ನೀನೇ ಹೇಳ್ಬೇಕು ಮಗಳೇ, ನಾನು ಹೇಳಲ್ಲ" ಅಂದಿದ್ದರು, ಇವತ್ತಿನವರೆಗೂ ಹೇಳಿಲ್ಲ. ವಿಶೇಷ ಏನೂ ಇಲ್ಲವಾ ಎಂದು ಅವರು ಆಮೇಲೆ ನಮ್ಮನ್ನು ಯಾವತ್ತೂ ಕೇಳಲಿಲ್ಲ ಎಂಬುದನ್ನು ನೀನು ಗಮನಿಸಿರಲಿಕ್ಕಿಲ್ಲ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಇದನ್ನು ಓದಿದ ಮೇಲೆ ನನಗೆ ಬೇಡ, ಅವರಿಗೆ ಫೋನ್ ಮಾಡು. ಆ ಮಗುವಿಗಾಗಿ ಅವರು ಒಬ್ಬರೇ ಅತ್ತಿದ್ದಾರೆ, ನಾನು ಒಬ್ಬಳೇ ಅತ್ತಿದ್ದೇನೆ. ನಿನ್ನದು ಬಾಕಿ ಇದೆ.